ನೋವು ಗೊತ್ತಾಗದ ಕೈ

ಕುಷ್ಠರೋಗ ಬಂದರೆ ಬೆರಳು ಕೊಳೆತು ಉದುರುತ್ತದೆ ಎಂದು ಜನ ನಂಬಿದ್ದರು. ಆ ಹೆದರಿಕೆಗೇ ರೋಗಿಗಳನ್ನು ಊರಾಚೆ ಇಟ್ಟರು. 1946ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಬೇರೆಯದೇ ಕಾರಣ ಕಂಡುಕೊಂಡರು.

ಚರ್ಮಕ್ಕೆ ಏನೇ ತಾಗಲಿ, ನರಗಳು ಆ ಸುದ್ದಿಯನ್ನು ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಮುಟ್ಟಿಸುತ್ತವೆ. ಬಿಸಿ ತಗುಲಿದ ಕೂಡಲೇ ನಾವು ಕೈ ಹಿಂದೆಗೆಯುವುದು ಇದರಿಂದಲೇ. ಕುಷ್ಠದ ರೋಗಾಣು ಈ ನರಗಳನ್ನೇ ಕೆಡಿಸುತ್ತದೆ. ಸುಡುವ ಪಾತ್ರೆ ಹಿಡಿದರೂ, ಕಾಲಿಗೆ ಮುಳ್ಳು ಚುಚ್ಚಿದರೂ ರೋಗಿಗೆ ಗೊತ್ತಾಗುವುದಿಲ್ಲ. ಗಾಯದ ಮೇಲೆ ಗಾಯವಾಗಿ, ಕೀವು ತುಂಬಿ, ಬೆರಳು ಮೊಂಡಾಗುತ್ತದೆ.

ಬ್ರ್ಯಾಂಡ್ ಶಸ್ತ್ರಚಿಕಿತ್ಸೆ ಮಾಡಿ, ಮುದುಡಿದ ಎಷ್ಟೋ ಕೈಗಳು ಮತ್ತೆ ದುಡಿಯುವಂತೆ ಮಾಡಿದರು. ಆದರೆ ಹೋದ ಸ್ಪರ್ಶ ಮರಳಿ ಬರಲಿಲ್ಲ.

ಮೈಮೇಲೆ ಮುಟ್ಟಿದರೂ ಗೊತ್ತಾಗದ ಮಚ್ಚೆ ಇದ್ದರೆ ಮುಚ್ಚಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ನರ ಕೆಡುವ ಮೊದಲೇ ಹೋಗಿ ತೋರಿಸಿ.