ಕಾಲರ್ ಐಡಿ ಪೇಟೆಂಟ್ ವ್ಯಾಜ್ಯಗಳು

ಫೋನ್ ಎತ್ತುವ ಮೊದಲೇ ಕರೆ ಮಾಡಿದವರ ನಂಬರನ್ನೋ ಹೆಸರನ್ನೋ ತೋರಿಸುವ ವ್ಯವಸ್ಥೆಗೆ ಕಾಲರ್ ಐಡಿ ಎಂದು ಹೆಸರು. ಮೊದಮೊದಲು ಫೋನಿನ ಪಕ್ಕದ ಪುಟ್ಟ ಡಬ್ಬಿಯಲ್ಲಿ, ಆಮೇಲೆ ಫೋನಿನಲ್ಲೇ, ಕಡೆಗೆ ಟಿವಿ ಪರದೆಯ ಮೇಲೂ ಅದು ಮೂಡಿತು. ನಂಬರನ್ನು ಪತ್ತೆಹಚ್ಚಿದವರು ಒಬ್ಬರು, ಕಳಿಸುವ ಬಗೆ ಕಂಡುಕೊಂಡವರು ಇನ್ನೊಬ್ಬರು. ಹಾಗಾಗಿ ಇಡೀ ಹಕ್ಕು ತಮ್ಮದೇ ಎಂದವರೆಲ್ಲ ಕೋರ್ಟು ಹತ್ತಬೇಕಾಯಿತು.

ಕರೆದವರ ನಂಬರನ್ನು ದತ್ತಾಂಶವಾಗಿ ರವಾನಿಸುವ ಸಾಧನಕ್ಕೆ ಗ್ರೀಕ್ ಮೂಲದ ಥಿಯೊಡೋರ್ ಪರಸ್ಕೆವಾಕೋಸ್ 1974ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಬೆಲ್ ಲ್ಯಾಬ್ಸ್‌ನ ಕ್ಯಾರೊಲಿನ್ ಡೌಟಿಯವರ 1986ರ ಪೇಟೆಂಟ್ ಬಳಸಿಕೊಂಡದ್ದು ಎರಡು ರಿಂಗ್‌ಗಳ ನಡುವಿನ ಮೌನವನ್ನು. ಆ ಕೆಲವೇ ಸೆಕೆಂಡುಗಳಲ್ಲಿ ನಂಬರು ತಂತಿಯಲ್ಲಿ ಹರಿದುಬರುತ್ತದೆ. ಅಮೆರಿಕದ ಮನೆಗಳಲ್ಲಿ ಒಂದು ರಿಂಗ್ ಮುಗಿಯುವವರೆಗೆ ನಂಬರು ಕಾಣದಿದ್ದುದು ಇದಕ್ಕೇ.

ತುಂಬ ವರ್ಷ ಎಳೆದಾಡಿದ ಜಗಳ ಬ್ರೆಜಿಲ್‌ನದು. ಅಲ್ಲಿ ಕಾಲರ್ ಐಡಿಗೆ ಜನರ ಬಾಯಲ್ಲಿ 'ಬೀನಾ' ಎಂದೇ ಹೆಸರು. ಕನ್ನಡದ ಕಿವಿಗೆ ಹೆಣ್ಣುಮಗಳ ಹೆಸರಾಗಿ ಕೇಳಿಸಿದರೂ, ಇದು 'ಬಿ, ಎ-ಯ ನಂಬರನ್ನು ಗುರುತಿಸುತ್ತದೆ' ಎಂಬ ಪೋರ್ಚುಗೀಸ್ ಮಾತಿನ ಮೊದಲಕ್ಷರಗಳ ಜೋಡಣೆ; ಎ ಎಂದರೆ ಕರೆ ಮಾಡಿದವರು, ಬಿ ಎಂದರೆ ಕರೆ ಬಂದವರು. ಬೀನಾ ಸಾಧನವನ್ನು ರೂಪಿಸಿದವರು ಬ್ರೆಸಿಲಿಯದ ಟೆಲಿಫೋನ್ ಕಂಪನಿಯಲ್ಲಿ ತಂತ್ರಜ್ಞರಾಗಿದ್ದ ನೆಲಿಯೊ ನಿಕೊಲಾಯ್. 1997ರಲ್ಲಿ ಪೇಟೆಂಟ್ ಕೈಗೆ ಬಂದರೂ ಮೊಬೈಲ್ ಕಂಪನಿಗಳು ರಾಯಧನ ಕೊಡಲೊಪ್ಪಲಿಲ್ಲ. ಪೇಟೆಂಟೇ ಅಸಿಂಧು ಎಂದು ತಿರುಗಿ ವಾದಿಸಿದವು. 2012ರಲ್ಲಿ ಕ್ಲಾರೊ ಕಂಪನಿ ಅವರೊಂದಿಗೆ ರಾಜಿ ಮಾಡಿಕೊಂಡಿತು. ನಿಕೊಲಾಯ್ 2017ರಲ್ಲಿ ತೀರಿಕೊಂಡರು.

ಟಿವಿಯ ವಿಷಯ ಇದಕ್ಕಿಂತ ಸೂಕ್ಷ್ಮ. ಅಮೆರಿಕದ ಸ್ಯಾಟಲೈಟ್ ಟಿವಿ ಡಬ್ಬಿಗಳನ್ನು ಫೋನ್ ತಂತಿಗೆ ಸಿಕ್ಕಿಸಿದ್ದುದು ದುಡ್ಡು ಕೊಟ್ಟು ನೋಡುವ ಸಿನಿಮಾಗಳ ಲೆಕ್ಕ ಕಂಪನಿಗೆ ಮುಟ್ಟಲೆಂದು. ಅದೇ ತಂತಿಯಲ್ಲಿ ಬರುವ ನಂಬರನ್ನು ಪರದೆಯ ಮೂಲೆಯಲ್ಲಿ ತೋರಿಸಿದರೆ ಅದು ಆವಿಷ್ಕಾರವೇ? ಇಂಥ ಪೇಟೆಂಟ್‌ಗಳ ಬಲ ಕುಗ್ಗಿಸಿದ್ದು ಕಾರಿನ ಆಕ್ಸಿಲರೇಟರ್ ಪೆಡಲಿಗೆ ಸಂಬಂಧಿಸಿದ ಒಂದು ಮೊಕದ್ದಮೆ ಎಂಬುದು ತಮಾಷೆ. 2007ರ ಕೆಎಸ್‌ಆರ್–ಟೆಲಿಫ್ಲೆಕ್ಸ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಗೊತ್ತಿರುವ ಭಾಗಗಳನ್ನು ಗೊತ್ತಿರುವ ರೀತಿಯಲ್ಲೇ ಕೂಡಿಸಿ ನಿರೀಕ್ಷಿತ ಫಲವನ್ನಷ್ಟೇ ಪಡೆದರೆ ಅದಕ್ಕೆ ಪೇಟೆಂಟ್ ಸಲ್ಲುವುದು ಕಷ್ಟ ಎಂಬ ನಿಲುವು ತಳೆಯಿತು.

ಭಾರತದಲ್ಲಿ 1970ರ ಪೇಟೆಂಟ್ ಕಾಯ್ದೆಯ 3(ಎಫ್) ಕಲಮಿನ ಪ್ರಕಾರ, ತಮ್ಮ ಪಾಡಿಗೆ ತಾವು ಮೊದಲಿನಂತೆಯೇ ಕೆಲಸ ಮಾಡುವ ಸಾಧನಗಳ ಬರಿಯ ಜೋಡಣೆ ಆವಿಷ್ಕಾರವಲ್ಲ. ಫೋನನ್ನು ಟಿವಿಗೆ ಕೂಡಿಸಿದವರು ಇದನ್ನು ದಾಟಬೇಕಾದರೆ ಪರದೆಯ ಹಿಂದೆ ಹೊಸದೇನು ನಡೆಯುತ್ತಿದೆ ಎಂಬುದನ್ನು ತೋರಿಸಬೇಕು.