ಹೆಪ್ಪುಗಟ್ಟದ ರಕ್ತದ ಜಾಡು ಹಿಡಿದು

1933ರ ಫೆಬ್ರುವರಿ ತಿಂಗಳ ಒಂದು ಶನಿವಾರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹಿಮಗಾಳಿ ಬೀಸುತ್ತಿತ್ತು. ಡೀರ್ ಪಾರ್ಕ್ ಎಂಬ ಊರಿನ ರೈತನೊಬ್ಬ ಸತ್ತ ಕಡಸು, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ ಮತ್ತು ಸುಮಾರು 45 ಕಿಲೋ ಒಣಮೇವು ಹೇರಿಕೊಂಡು 300 ಕಿ.ಮೀ. ದೂರದ ಮ್ಯಾಡಿಸನ್ ನಗರಕ್ಕೆ ಬಂದ. ಪಶುವೈದ್ಯರ ಕಚೇರಿ ಮುಚ್ಚಿತ್ತು. ಆತ ಕಂಡದ್ದು ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗದ ಬಾಗಿಲನ್ನು. ಒಳಗೆ ಪ್ರಾಧ್ಯಾಪಕ ಕಾರ್ಲ್ ಪಾಲ್ ಲಿಂಕ್ ಇದ್ದರು.

ಆ ಹೊತ್ತಿನಲ್ಲಿ ಲಿಂಕ್ ಹೇಳಬಹುದಾಗಿದ್ದುದು ಇಷ್ಟೇ: ಈ ಮೇವು ಹಾಕಬೇಡ, ಸಾಧ್ಯವಾದರೆ ಉಳಿದ ದನಗಳಿಗೆ ಬೇರೆ ದನದ ರಕ್ತ ಕೊಡಿಸು. ರೈತ ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗಿದ. ಆತ ತಂದ ಕ್ಯಾನು ಮಾತ್ರ ಆ ಪ್ರಯೋಗಾಲಯದ ಮುಂದಿನ ಹಲವು ವರ್ಷಗಳ ಕೆಲಸವನ್ನು ನಿರ್ಧರಿಸಿತು.

ರೋಗ ಹೊಸದೇನೂ ಆಗಿರಲಿಲ್ಲ. 1920ರ ದಶಕದ ಆರಂಭದಿಂದಲೂ ಉತ್ತರ ಅಮೆರಿಕದ ರೈತರು ಇದನ್ನು ಕಂಡಿದ್ದರು. ಕೋಡು ಕತ್ತರಿಸಿದರೆ, ಹೋರಿಗೆ ಬೀಜ ಒಡೆಸಿದರೆ, ರಕ್ತ ನಿಲ್ಲದೆ ದನ ಸಾಯುತ್ತಿತ್ತು. ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಇದಕ್ಕೆ ಮುಗ್ಗಲು ಹಿಡಿದ ಸ್ವೀಟ್ ಕ್ಲೋವರ್ ಮೇವೇ ಕಾರಣ ಎಂದು ತೋರಿಸಿದ್ದರು. ಒಳ್ಳೆಯ ಮೇವಾದರೆ ಏನೂ ಆಗದು, ಬೂಷ್ಟು ಬಂದರೆ ವಿಷ. ಆದರೆ ಕಷ್ಟದ ಕಾಲದಲ್ಲಿ ಮುಗ್ಗಲು ಬಂದಿತೆಂದು ಮೇವನ್ನು ತಿಪ್ಪೆಗೆ ಹಾಕುವ ರೈತ ಎಲ್ಲಿದ್ದಾನೆ? ನಮ್ಮಲ್ಲೂ ಇಲ್ಲ, ಅಲ್ಲೂ ಇರಲಿಲ್ಲ.

ಆರು ವರ್ಷಗಳ ನಂತರ, 1939ರಲ್ಲಿ, ಲಿಂಕ್ ಅವರ ಸಹಾಯಕ ಹೆರಾಲ್ಡ್ ಕ್ಯಾಂಪ್‌ಬೆಲ್ ಆ ಮೇವಿನಿಂದ ವಿಷದ ಹರಳುಗಳನ್ನು ಬೇರ್ಪಡಿಸಿದರು. ಅದೇ ಡೈಕೌಮರಾಲ್. ಮುಂದೆ ಅದೇ ಜಾತಿಯ ಹಲವು ವಸ್ತುಗಳನ್ನು ತಯಾರಿಸಿದಾಗ ಪಟ್ಟಿಯ 42ನೆಯದು ಎಲ್ಲಕ್ಕಿಂತ ತೀಕ್ಷ್ಣವೆನಿಸಿತು. ಹಣ ಕೊಟ್ಟ ವಿಸ್ಕಾನ್ಸಿನ್ ಹಳೆಯ ವಿದ್ಯಾರ್ಥಿಗಳ ಪ್ರತಿಷ್ಠಾನದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ವಾರ್ಫರಿನ್ ಎಂದು ನಾಮಕರಣವಾಯಿತು. 1948ರಲ್ಲಿ ಇಲಿ ಪಾಷಾಣವಾಗಿ ಪೇಟೆಗೆ ಬಂದಿತು. 1951ರಲ್ಲಿ ಅಮೆರಿಕದ ಸೇನೆಗೆ ಸೇರಿದ್ದ ಒಬ್ಬಾತ ಅದನ್ನು ನುಂಗಿಯೂ ಬದುಕಿಕೊಂಡ ಬಳಿಕ ವೈದ್ಯರ ಕಣ್ಣು ಅದರ ಮೇಲೆ ಬಿದ್ದಿತು. 1954ರಲ್ಲಿ ಮನುಷ್ಯರಿಗೆ ಔಷಧಿಯಾಯಿತು. ಮರುವರ್ಷ ಹೃದಯಾಘಾತಕ್ಕೊಳಗಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು.

ಸೇನೆಯ ಆ ವ್ಯಕ್ತಿಯನ್ನು ಉಳಿಸಿದ ಮದ್ದು ವಿಟಮಿನ್ ಕೆ. ಅದರ ಕಥೆ ಡೆನ್ಮಾರ್ಕಿನಲ್ಲಿ ಬೇರೆಯೇ ಹಾದಿಯಲ್ಲಿ ನಡೆದಿತ್ತು. ಕೋಪನ್‌ಹೇಗನ್ನಿನ ಹೆನ್ರಿಕ್ ಡಾಮ್ 1929ರ ಸುಮಾರಿಗೆ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ತಿನ್ನಿಸುತ್ತಿದ್ದಾಗ ಅವುಗಳ ಚರ್ಮದಡಿಯಲ್ಲಿ ರಕ್ತ ಸೋರುವುದನ್ನು ಕಂಡರು. ಹಸಿರೆಲೆಯಲ್ಲಿರುವ ಯಾವುದೋ ವಸ್ತು ಅದನ್ನು ತಡೆಯುತ್ತಿತ್ತು. ಹೆಪ್ಪುಗಟ್ಟುವಿಕೆಗೆ ಅವರ ಭಾಷೆಯಲ್ಲಿರುವ ‘ಕೋಅಗುಲೇಷನ್’ ಎಂಬ ಪದದ ಮೊದಲ ಅಕ್ಷರವನ್ನೇ 1935ರಲ್ಲಿ ಅದಕ್ಕೆ ಇಟ್ಟರು. ಅದರ ರಾಸಾಯನಿಕ ರಚನೆಯನ್ನು ಬಿಡಿಸಿದ ಅಮೆರಿಕದ ಎಡ್ವರ್ಡ್ ಡಾಯ್ಸಿ ಅವರೊಂದಿಗೆ ಡಾಮ್ 1943ರ ನೊಬೆಲ್ ಹಂಚಿಕೊಂಡರು.

ಹೀಗೆ ವಿಷವೂ ಗೊತ್ತಾಯಿತು, ಮದ್ದೂ ಗೊತ್ತಾಯಿತು. ಇವೆರಡೂ ದೇಹದಲ್ಲಿ ಎಲ್ಲಿ ಎದುರಾಗುತ್ತವೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಆ ಜಾಗವನ್ನು ಕಣ್ಣಾರೆ ಕಾಣಲು ಇನ್ನೂ ಎಂಬತ್ತು ವರ್ಷ ಹಿಡಿಯಿತೆಂದರೆ ಆಶ್ಚರ್ಯವಾಗಬಹುದು. ಅಷ್ಟು ಕಾಲವೂ ವೈದ್ಯರು ಗುರಿ ಕಾಣದ ಬಾಣವನ್ನೇ ಬಿಡುತ್ತಿದ್ದರು.

ಸುಳಿವು ಸಿಕ್ಕಿದ್ದು ಮತ್ತೆ ದನಗಳಿಂದಲೇ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಥ್ರಾಂಬಿನ್ ಎಂಬ ಪ್ರೋಟೀನನ್ನು ಪಿತ್ತಜನಕಾಂಗ ತಯಾರಿಸುತ್ತದೆ. ಡೈಕೌಮರಾಲ್ ತಿಂದ ದನದ ರಕ್ತದಲ್ಲೂ ಅಂಥ ಪ್ರೋಟೀನು ಇತ್ತು, ಆದರೆ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಸ್ವೀಡನ್ನಿನ ಯೋಹಾನ್ ಸ್ಟೆನ್‌ಫ್ಲೋ ಮತ್ತು ಸಂಗಡಿಗರು 1974ರಲ್ಲಿ ಎರಡನ್ನೂ ಹೋಲಿಸಿ ವ್ಯತ್ಯಾಸವನ್ನು ಪತ್ತೆಹಚ್ಚಿದರು. ಸರಿಯಾದ ಪ್ರೋಟೀನಿನ ಒಂದು ತುದಿಯಲ್ಲಿ ಗ್ಲುಟಾಮಿಕ್ ಆಮ್ಲದ 10 ಕೊಂಡಿಗಳಿಗೆ ತಲಾ ಒಂದು ಇಂಗಾಲದ ಡೈಆಕ್ಸೈಡ್ ಅಂಟಿಕೊಂಡಿತ್ತು. ಇದರಿಂದ ಒಂಟಿ ಕೈಯ ಕೊಂಡಿ ಇಕ್ಕಳದಂತಾಗುತ್ತದೆ. ಇಕ್ಕಳ ಕ್ಯಾಲ್ಸಿಯಂ ಹಿಡಿಯುತ್ತದೆ, ಕ್ಯಾಲ್ಸಿಯಂ ಮೂಲಕ ಪ್ರೋಟೀನು ಗಾಯದ ಜಾಗಕ್ಕೆ ಕಚ್ಚಿಕೊಳ್ಳುತ್ತದೆ. ಇಕ್ಕಳವಿಲ್ಲದ ಪ್ರೋಟೀನು ರಕ್ತದಲ್ಲಿ ಸುಮ್ಮನೆ ತೇಲುತ್ತಿರುತ್ತದೆ.

ಈ ಇಕ್ಕಳವನ್ನು ಮಾಡಿಕೊಡುವುದು ಕಾರ್ಬಾಕ್ಸಿಲೇಸ್ ಎಂಬ ಕಿಣ್ವ. 1975ರಲ್ಲಿ ಅದರ ಕೆಲಸವನ್ನು ಪ್ರಯೋಗಾಲಯದಲ್ಲಿ ತೋರಿಸಿದವರು ಜಾನ್ ಸಟ್ಟಿ ಅವರ ತಂಡದವರು. ಅದೂ ಲಿಂಕ್ ಅವರಿದ್ದ ಅದೇ ವಿಸ್ಕಾನ್ಸಿನ್ನಿನಲ್ಲಿ. ವಿಟಮಿನ್ ಕೆ ಎಣ್ಣೆಯಲ್ಲಿ ಕರಗುವ ವಸ್ತು, ನೀರಿನಲ್ಲಲ್ಲ. ಆದ್ದರಿಂದಲೋ ಏನೋ ಈ ಕಿಣ್ವ ಜೀವಕೋಶದೊಳಗಿನ ಜಿಡ್ಡಿನ ಪೊರೆಯಲ್ಲೇ ನೆಲೆಸಿದೆ. ವಿಟಮಿನ್ ಕೆ ಉರಿಯುವಾಗ ಸಿಗುವ ಶಕ್ತಿಯಿಂದ ಅದು ಇಂಗಾಲದ ಡೈಆಕ್ಸೈಡನ್ನು ಅಂಟಿಸುತ್ತದೆ. ಒಂದು ಕೊಂಡಿಗೆ ಒಂದು ವಿಟಮಿನ್ ಅಣು ಖರ್ಚು. ದೇಹದಲ್ಲಿರುವ ದಾಸ್ತಾನೋ ಬಹಳ ಸಣ್ಣದು. ಹಾಗಾಗಿ ಪಕ್ಕದಲ್ಲೇ, ಅದೇ ಪೊರೆಯಲ್ಲಿ, ವಿಕೆಒಆರ್ ಎಂಬ ಇನ್ನೊಂದು ಪುಟ್ಟ ಕಿಣ್ವ ಕುಳಿತು ಉರಿದ ವಿಟಮಿನ್ನನ್ನು ಮತ್ತೆ ಹೊಸದಾಗಿಸಿ ಕೊಡುತ್ತದೆ. ವಾರ್ಫರಿನ್ ತಡೆಯುವುದು ಈ ಎರಡನೆಯದನ್ನು. ಕಾರ್ಬಾಕ್ಸಿಲೇಸಿಗೆ ಅದು ಏನೂ ಮಾಡುವುದಿಲ್ಲ, ಸೌದೆ ಬರುವುದನ್ನು ನಿಲ್ಲಿಸುತ್ತದೆ, ಒಲೆ ತಾನಾಗಿಯೇ ಆರುತ್ತದೆ. ಮಾತ್ರೆ ನುಂಗಿದ ಕೂಡಲೇ ಪರಿಣಾಮ ಕಾಣದಿರುವುದಕ್ಕೂ ಇದೇ ಕಾರಣ. ಮೊದಲೇ ತಯಾರಾದ ಪ್ರೋಟೀನು ತೀರಲು ಕೆಲವು ದಿನ ಬೇಕು.

ಪೊರೆಯ ಕಿಣ್ವಗಳನ್ನು ಪರೀಕ್ಷಿಸುವುದು ಸುಲಭವಲ್ಲ. ಜಿಡ್ಡಿನಿಂದ ಹೊರತೆಗೆದರೆ ಆಕಾರವೇ ಕೆಡುತ್ತದೆ. ಕಾರ್ಬಾಕ್ಸಿಲೇಸಿನ ವಂಶವಾಹಿ 1991ರಲ್ಲಿ ಸಿಕ್ಕಿತು. ವಿಕೆಒಆರ್‌ನದು ಸಿಕ್ಕಿದ್ದು 2004ರಲ್ಲಿ, ಜರ್ಮನಿ ಮತ್ತು ಅಮೆರಿಕದ ಎರಡು ತಂಡಗಳಿಗೆ ಏಕಕಾಲಕ್ಕೆ. ಕೇವಲ 163 ಅಮೈನೊ ಆಮ್ಲಗಳ ಈ ಕಿಣ್ವದ ಆಕೃತಿಯನ್ನು ವೈಕೈ ಲಿ ಅವರ ತಂಡ 2020ರ ಕೊನೆಯಲ್ಲಿ ಪ್ರಕಟಿಸಿತು. ವಿಟಮಿನ್ ಕೆ ಕೂರಬೇಕಾದ ಗೂಡಿನಲ್ಲೇ ವಾರ್ಫರಿನ್ ಕುಳಿತು, ಮೇಲೆ ಮುಚ್ಚಳ ಬಿದ್ದಿರುವುದು ಅದರಲ್ಲಿ ಕಂಡಿತು. ಕಾರ್ಬಾಕ್ಸಿಲೇಸಿನ ಆಕೃತಿ ತಿಳಿದದ್ದು 2025ರಲ್ಲಿ.

ವಂಶವಾಹಿ ಸಿಕ್ಕಿದ್ದರಿಂದ ಹಳೆಯ ಒಂದು ಒಗಟೂ ಬಿಡಿಸಿತು. ಸ್ಕಾಟ್ಲೆಂಡಿನ ಇಲಿಗಳು 1958ರಲ್ಲೇ ವಾರ್ಫರಿನ್ ತಿಂದು ಅರಗಿಸಿಕೊಳ್ಳುವುದನ್ನು ಕಲಿತಿದ್ದವು. ಅವುಗಳ ವಿಕೆಒಆರ್ ಬದಲಾಗಿತ್ತು. ಅಂಥ ಇಲಿಗಳಿಗೆಂದೇ ಬಂದ ಇನ್ನೂ ಉಗ್ರವಾದ ಬ್ರೊಮಾಡಿಯೋಲೋನ್ ಬಿಲ್ಲೆ ಇಂದು ನಮ್ಮ ಗದ್ದೆ ತೋಟಗಳಲ್ಲೂ ಬಳಕೆಯಲ್ಲಿದೆ. ಅದರ ಗುರಿಯೂ ಅದೇ ಕಿಣ್ವ. ಮನುಷ್ಯರಲ್ಲೂ ಈ ವಂಶವಾಹಿ ಒಬ್ಬರಂತೆ ಒಬ್ಬರಿಗಿಲ್ಲ. ಒಬ್ಬರಿಗೆ ಸಾಲದ ಮಾತ್ರೆ ಇನ್ನೊಬ್ಬರಿಗೆ ಮೂಗಿನಲ್ಲಿ ರಕ್ತ ಬರಿಸುವುದಕ್ಕೆ ಇದೂ ಒಂದು ಕಾರಣ.

ಹೃದಯದ ಕವಾಟ ಬದಲಾಯಿಸಿಕೊಂಡ ನನ್ನ ದೊಡ್ಡಮ್ಮ ನಾಲ್ಕು ವರ್ಷ ಸೊಪ್ಪು ಮುಟ್ಟಿರಲಿಲ್ಲ. ಸೊಪ್ಪು ತಿಂದರೆ ಮಾತ್ರೆ ಕೆಲಸ ಮಾಡುವುದಿಲ್ಲವೆಂದು ಯಾರೋ ಹೇಳಿದ್ದರಂತೆ. ಹಬ್ಬದ ದಿನ ಆಸೆ ತಡೆಯದೆ ಎರಡು ಸಲ ಹರಿವೆ ಸೊಪ್ಪಿನ ಸಾರು ಬಡಿಸಿಕೊಂಡು, ಆಮೇಲೆ ವಾರವೆಲ್ಲ ಹೆದರಿಕೊಂಡಿರುತ್ತಿದ್ದರು. ಹೆದರಬೇಕಾಗಿದ್ದುದು ಸಾರಿಗಲ್ಲ, ನಾಲ್ಕು ವರ್ಷದ ಉಪವಾಸಕ್ಕೂ ಒಂದು ದಿನದ ಔತಣಕ್ಕೂ ಇದ್ದ ಅಂತರಕ್ಕೆ. ವೈದ್ಯರು ಮಾತ್ರೆಯ ಪ್ರಮಾಣ ಗೊತ್ತುಮಾಡುವುದು ರೋಗಿ ಊಟದಲ್ಲಿ ದಿನವೂ ಸೇವಿಸುವ ವಿಟಮಿನ್ ಕೆ ಜೊತೆಗೆ ತೂಗಿಯೇ. ಸೊಪ್ಪು ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿದ್ದರೆ ತಕ್ಕಡಿ ನಿಲ್ಲುತ್ತದೆ. ಊಟದ ರೀತಿ ಬದಲಾದರೆ, ಬೇರೆ ಔಷಧಿ ಶುರುವಾದರೆ, ಮತ್ತೆ ರಕ್ತಪರೀಕ್ಷೆ ಮಾಡಿಸಬೇಕು. ಇದನ್ನು ದೊಡ್ಡಮ್ಮನಿಗೆ ಬಿಡಿಸಿ ಹೇಳಿದವರು ಪರೀಕ್ಷೆಗೆ ರಕ್ತ ತೆಗೆಯುವ ನರ್ಸ್. ಈಗ ವಾರಕ್ಕೆ ಮೂರು ದಿನ, ಒಂದೊಂದೇ ಸೌಟು, ಮೆಂತ್ಯವೋ ಹರಿವೆಯೋ ತಿನ್ನುತ್ತಾರೆ.