ಟ್ರ್ಯಾಕ್ಟರಿನ ಎಂಜಿನ್ ಆಯಿಲ್

ಎಂಜಿನ್ ಆಯಿಲ್ ಎಂಬುದು ಎಂಜಿನ್ನಿನ ಚಲಿಸುವ ಭಾಗಗಳ ಘರ್ಷಣೆಯನ್ನು ತಗ್ಗಿಸಿ, ಶಾಖವನ್ನು ಸಾಗಿಸಿ, ಮಸಿಯನ್ನು ತನ್ನಲ್ಲಿ ಹಿಡಿದಿಡುವ ಕೀಲೆಣ್ಣೆ. ಗದಗ ತಾಲ್ಲೂಕಿನ ಕುರ್ತಕೋಟಿ ಸುತ್ತಿನ ಎರೆಹೊಲಗಳಲ್ಲಿ ದುಡಿಯುವ ಟ್ರ್ಯಾಕ್ಟರುಗಳಿಗೆ ಇದರ ಸಕಾಲಿಕ ಬದಲಾವಣೆ ಅತ್ಯವಶ್ಯಕ.

ಬದಲಾವಣೆಯ ಅವಧಿ

ಕಾರು, ಬೈಕುಗಳ ಅವಧಿಯನ್ನು ಕಿಲೋಮೀಟರುಗಳಲ್ಲಿ ಎಣಿಸಿದರೆ, ಟ್ರ್ಯಾಕ್ಟರಿನದನ್ನು ಎಂಜಿನ್ ನಡೆದ ಗಂಟೆಗಳಲ್ಲಿ ಎಣಿಸಲಾಗುತ್ತದೆ. ಉಳುಮೆಯಲ್ಲಿ ಕ್ರಮಿಸುವ ದೂರ ಅಲ್ಪ, ಎಂಜಿನ್ನಿನ ಮೇಲಿನ ಹೊರೆ ಅಧಿಕ. ಅನೇಕ ಮಾದರಿಗಳಲ್ಲಿ ಮೊದಲ ಬದಲಾವಣೆ 50 ಗಂಟೆಗಳಿಗೆ, ಅನಂತರ 250 ಗಂಟೆಗಳಿಗೊಮ್ಮೆ, ಫಿಲ್ಟರಿನೊಡನೆ ನಡೆಯುತ್ತದೆ. ನಿಖರ ಅವಧಿಗೆ ತಯಾರಕರ ಕೈಪಿಡಿಯೇ ಆಧಾರ. ರಾಶಿಯ ಕಾಲದ ದೂಳು ಒಳಸೇರಿದರೆ ಆಯಿಲ್ ಬೇಗ ಕೆಡುವುದರಿಂದ ಏರ್ ಕ್ಲೀನರನ್ನು ಶುಚಿಯಾಗಿಡಬೇಕು. ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಾಗುವುದು ಸಹಜ, ಬಣ್ಣವೊಂದರಿಂದಲೇ ನಿರ್ಧರಿಸಲಾಗದು. ಆಯಿಲ್ ಮಟ್ಟ ಕುಸಿದರೆ ಬೇರಿಂಗುಗಳು ಸವೆದು ಎಂಜಿನ್ ಹಿಡಿದುಕೊಳ್ಳಬಹುದು.

ಆಯ್ಕೆ

'15ಡಬ್ಲ್ಯೂ-40' ಎಂಬಲ್ಲಿ ಮೊದಲ ಸಂಖ್ಯೆ ಚಳಿಯಲ್ಲಿನ, ಎರಡನೆಯದು ಕಾದ ಎಂಜಿನ್ನಿನಲ್ಲಿನ ಸ್ನಿಗ್ಧತೆಯ ದರ್ಜೆ. ಎಪಿಐ ಗುಣಮಟ್ಟದಲ್ಲಿ 'ಸಿ' ಇಂದ ಆರಂಭವಾಗುವವು ಡೀಸೆಲ್ ಎಂಜಿನ್ನಿಗೆ, 'ಎಸ್' ಇಂದ ಆರಂಭವಾಗುವವು ಪೆಟ್ರೋಲ್ ಎಂಜಿನ್ನಿಗೆ ಮೀಸಲು.

ವಿಲೇವಾರಿ

ಭಾರತದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಆಯಿಲಿಗೂ ಅನ್ವಯಿಸುತ್ತವೆ. ಅದನ್ನು ಹೊಲಕ್ಕೆ, ಹಳ್ಳಕ್ಕೆ ಚೆಲ್ಲಿದರೆ ಮಣ್ಣೂ ನೀರೂ ಕೆಡುತ್ತವೆ. ಮುಚ್ಚಿದ ಡಬ್ಬಿಯಲ್ಲಿ ಸಂಗ್ರಹಿಸಿ ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಬೇಕು.